ಅಮೆರಿಕದ ‘ಲೈಫ್‌ಲೈನ್’ ಫೋನ್: ಸೆಟ್ ಸುಮಾರು, ಲೈನ್ ಗಟ್ಟಿ

ಸಾಗರದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಝೆರಾಕ್ಸ್, ಲ್ಯಾಮಿನೇಷನ್, ಪಹಣಿ, ಆನ್‌ಲೈನ್ ಅರ್ಜಿ, ಮೊಬೈಲ್ ರೀಚಾರ್ಜ್ ಎಲ್ಲ ಮಾಡುತ್ತೇನೆ. ಅಂಗಡಿಗೆ ಬರುವವರು ಆಗಾಗ ಕೇಳುವ ಒಂದು ಮಾತಿದೆ. "ಮೇಡಂ, ಬಡವರಿಗೆ ಸರ್ಕಾರದಿಂದ ಫ್ರೀ ಮೊಬೈಲ್ ಬಂದಿದೆಯಂತೆ, ಅರ್ಜಿ ಹಾಕಿಕೊಡಿ." ಕೇಳಿದರೆ ವಾಟ್ಸಾಪ್‌ಗೆ ಬಂದ ಮೆಸೇಜ್ ತೋರಿಸುತ್ತಾರೆ. ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡ್ ಇದ್ದವರಿಗೆಲ್ಲ ಮೊಬೈಲ್ ಕೊಡುವ ಯೋಜನೆ ಇಲ್ಲ. ಅಂಗನವಾಡಿ ಟೀಚರ್‌ಗಳಿಗೆ ಸರ್ಕಾರ ಫೋನ್ ಕೊಟ್ಟಿದೆ, ಆದರೆ ಅದು ಅವರ ಕೆಲಸಕ್ಕೆ.

ಅಮೆರಿಕದಲ್ಲಿ ಮಾತ್ರ ಅಂಥದ್ದೊಂದು ಯೋಜನೆ ನಿಜವಾಗಿಯೂ ಇದೆ. ಹೆಸರು ಲೈಫ್‌ಲೈನ್. ಒಹಾಯೋದಲ್ಲಿರುವ ನನ್ನ ತಂಗಿಗೆ ಅದು ಸಿಕ್ಕಿತು. ಅರ್ಜಿ ತುಂಬುವಾಗ ಇಲ್ಲಿಂದ ಜೊತೆಗಿದ್ದವಳು ನಾನು. ಆಮೇಲೆ ಅವಳು ಊರಿಗೆ ಬಂದಾಗ ಆ ಫೋನನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಮಗಳೋ ತಂಗಿಯೋ ಮದುವೆಯಾಗಿ ಅಲ್ಲಿದ್ದಾಳೆ. ಎಲ್ಲರೂ ಅಲ್ಲಿ ಸುಖವಾಗಿಯೇ ಇದ್ದಾರೆ ಅಂತ ನಾವು ಅಂದುಕೊಂಡಿರುತ್ತೇವೆ. ಕಷ್ಟದಲ್ಲಿ ಇರುವವರೂ ಇದ್ದಾರೆ. ಅವರಿಗೆ ಈ ವಿಷಯ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ. ತಂಗಿಯನ್ನು ಕೇಳಿ, ಅವಳು ಒಪ್ಪಿದ ಮೇಲೆಯೇ ಬರೆದದ್ದು.

ಮೊದಲು ಒಂದು ವಿಷಯ ಬಿಡಿಸಿ ಹೇಳಬೇಕು. ಎಲ್ಲರೂ ಇದನ್ನು ‘ಸರ್ಕಾರದ ಫ್ರೀ ಫೋನ್’ ಅಂತಲೇ ಕರೆಯುತ್ತಾರೆ. ಆದರೆ ಸರ್ಕಾರ ಫೋನ್ ಕೊಡುವುದಿಲ್ಲ. ಕೊಡುವುದು ತಿಂಗಳ ಬಿಲ್ಲಿನ ದುಡ್ಡು. ಒಂದು ಮನೆಗೆ ತಿಂಗಳಿಗೆ 9.25 ಡಾಲರ್‌ವರೆಗೆ, ಅಂದರೆ ಸುಮಾರು 800 ರೂಪಾಯಿ. ಅದು ನಮ್ಮ ಕೈಗೂ ಬರುವುದಿಲ್ಲ, ನೇರ ಫೋನ್ ಕಂಪನಿಗೆ ಹೋಗುತ್ತದೆ. ಕೆಲವು ಕಂಪನಿಗಳು ಆ ದುಡ್ಡಿನಲ್ಲೇ ಇಡೀ ಪ್ಲಾನ್ ಮುಗಿಸಿ, ಗಿರಾಕಿಯಿಂದ ಏನೂ ತೆಗೆದುಕೊಳ್ಳದೆ ಲೈನ್ ಕೊಡುತ್ತವೆ. ಗಿರಾಕಿ ತಮ್ಮಲ್ಲಿಗೇ ಬರಲಿ ಅಂತ ಒಂದು ಸಾದಾ ಸ್ಮಾರ್ಟ್‌ಫೋನನ್ನೂ ಜೊತೆಗೆ ಕೊಡುತ್ತವೆ. ಹಾಗಾಗಿ ಕಂಪನಿ ಬೇರೆಯಾದರೆ ಸೆಟ್ಟೂ ಬೇರೆ. ಕೆಲವರು ಸಿಮ್ ಮಾತ್ರ ಕೊಡುತ್ತಾರೆ. "ನನಗೆ ಇಂಥದ್ದೇ ಫೋನ್ ಬೇಕು" ಅಂತ ಸರ್ಕಾರವನ್ನು ಕೇಳುವ ಹಾಗಿಲ್ಲ.

ತಂಗಿಯ ವಿಷಯ ಹೇಳುತ್ತೇನೆ. ಅವಳ ಗಂಡ ಕೈ ಮಾಡುತ್ತಿದ್ದ. ತುಂಬಾ ದಿನ ನಮಗೆ ಹೇಳಿರಲಿಲ್ಲ. ಕೊನೆಗೆ ಮಕ್ಕಳಿಬ್ಬರನ್ನು ಕರೆದುಕೊಂಡು ಮನೆ ಬಿಟ್ಟು ಬಂದಳು. ಅಲ್ಲಿ ಹೆಣ್ಣುಮಕ್ಕಳಿಗೆ ಆಸರೆ ಕೊಡುವ ಒಂದು ಕಡೆ ಉಳಿದುಕೊಂಡಳು. ಕೈಯಲ್ಲಿ ಫೋನ್ ಏನೋ ಇತ್ತು, ಆದರೆ ಲೈನ್ ಇದ್ದದ್ದು ಗಂಡನ ಫ್ಯಾಮಿಲಿ ಪ್ಲಾನಿನಲ್ಲಿ. ಅವನ ಹೆಸರು, ಅವನ ಬಿಲ್ಲು. ಇವಳು ಯಾರಿಗೆ ಫೋನ್ ಮಾಡಿದರೂ ಅವನು ನೋಡಬಹುದು. ಮನಸ್ಸು ಬಂದರೆ ಕಟ್ ಮಾಡಿಸಬಹುದು. ಹೊಸ ನಂಬರ್ ತಗೊಳ್ಳೋಣ ಅಂದರೆ ಮಕ್ಕಳ ಶಾಲೆ, ಡಾಕ್ಟರು, ಕೆಲಸಕ್ಕೆ ಅರ್ಜಿ ಹಾಕಿದ ಕಡೆ, ಎಲ್ಲ ಕಡೆ ಹಳೇ ನಂಬರೇ ಇದೆ. ಊರಲ್ಲಿ ನಮ್ಮ ಅಮ್ಮ ಅಡುಗೆಮನೆ ಬಾಗಿಲ ಹಿಂದೆ ಇದ್ದಿಲಿನಲ್ಲಿ ದಪ್ಪಗೆ ಬರೆದುಕೊಂಡದ್ದೂ ಅದೇ ನಂಬರ್. ಪ್ರತಿ ಅಂಕಿಯ ಮಧ್ಯೆ ಒಂದು ಬೆರಳಿನಷ್ಟು ಜಾಗ ಬಿಟ್ಟಿದ್ದಾರೆ, ಕನ್ನಡಕ ಇಲ್ಲದಿದ್ದರೂ ಕಾಣಲಿ ಅಂತ.

ಆಗ ಅಲ್ಲಿ ಅವಳ ಜೊತೆಗಿದ್ದ ಸಮಾಜ ಕಾರ್ಯಕರ್ತೆ ಒಂದು ಕಾನೂನಿನ ಬಗ್ಗೆ ಹೇಳಿದರು. ಸೇಫ್ ಕನೆಕ್ಷನ್ಸ್ ಆಕ್ಟ್ ಅಂತ. 2022ರ ಡಿಸೆಂಬರ್‌ನಲ್ಲಿ ಆದ ಕಾನೂನು. ಅದಕ್ಕೆ ಬೇಕಾದ ನಿಯಮಗಳನ್ನು ಅಲ್ಲಿನ ದೂರಸಂಪರ್ಕ ಆಯೋಗ, ಅಂದರೆ ಎಫ್‌ಸಿಸಿ, 2023ರ ನವೆಂಬರ್‌ನಲ್ಲಿ ಮಾಡಿತು. ಮನೆಯೊಳಗೆ ಹಿಂಸೆ ಅನುಭವಿಸಿದವರು ಕೇಳಿದರೆ ಅವರ ಲೈನನ್ನು, ಅವರ ಜೊತೆಗಿರುವ ಮಕ್ಕಳ ಲೈನನ್ನು ಆ ಫ್ಯಾಮಿಲಿ ಪ್ಲಾನಿನಿಂದ ಬೇರೆ ಮಾಡಿಕೊಡಬೇಕು. ದಾಖಲೆ ಸರಿಯಿದ್ದರೆ ಕೆಲಸದ ಎರಡು ದಿನದೊಳಗೆ ಆಗಬೇಕು. ಅದಕ್ಕೆ ದಂಡ, ಫೀಸು ಹಾಕುವ ಹಾಗಿಲ್ಲ. ನಂಬರ್ ಅದೇ ಉಳಿಯುತ್ತದೆ. ಪೊಲೀಸ್ ರಿಪೋರ್ಟೇ ಬೇಕು ಅಂತಿಲ್ಲ. ಅಂಥ ಕೆಲಸದಲ್ಲಿರುವ ಸಮಾಜ ಕಾರ್ಯಕರ್ತರೋ ಡಾಕ್ಟರೋ ಸಹಿ ಮಾಡಿ ಬರೆದುಕೊಟ್ಟ ಪತ್ರವೂ ಆಗುತ್ತದೆ.

ಈ ಕಾನೂನಿನ ಇನ್ನೊಂದು ಭಾಗವೇ ತಂಗಿಗೆ ಲೈಫ್‌ಲೈನ್ ಬಾಗಿಲು ತೆರೆದದ್ದು. ಹೀಗೆ ಲೈನ್ ಬೇರೆ ಮಾಡಿಸಿಕೊಂಡವರು ದುಡ್ಡಿನ ಕಷ್ಟದಲ್ಲಿದ್ದರೆ ಆರು ತಿಂಗಳವರೆಗೆ ಲೈಫ್‌ಲೈನ್ ನೆರವು ಪಡೆಯಬಹುದು. ಇವರಿಗೆ ಆದಾಯದ ಮಿತಿಯೂ ಸಡಿಲ. ಬಡತನದ ರೇಖೆಯ ಎರಡು ಪಟ್ಟಿನವರೆಗೆ ಇರಬಹುದು. ಗಂಡನ ಸಂಬಳ ಸೇರಿಸಿ ನೋಡಿದರೆ ಇವಳು ಹಿಂದಿನ ವರ್ಷದ ಲೆಕ್ಕದಲ್ಲಿ ಬಡವಳೇ ಅಲ್ಲ. ಮನೆ ಬಿಟ್ಟ ದಿನ ಅವಳ ಪರ್ಸಿನಲ್ಲಿ ಏನಿತ್ತು ಅನ್ನೋದು ಟ್ಯಾಕ್ಸ್ ಕಾಗದದಲ್ಲಿ ಎಲ್ಲಿ ಕಾಣುತ್ತದೆ? ಆ ಕಷ್ಟ ತಿಳಿದವರೇ ಈ ನಿಯಮ ಬರೆದಿದ್ದಾರೆ ಅನ್ನಿಸಿತು ನನಗೆ. ಇಡೀ ಯೋಜನೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ.

ಸಾಮಾನ್ಯ ದಾರಿ ಬೇರೆ. ಮನೆಯ ಆದಾಯ ಬಡತನದ ರೇಖೆಯ ಶೇಕಡಾ 135ರ ಒಳಗಿರಬೇಕು. 2025ರ ಲೆಕ್ಕದಲ್ಲಿ ಮೂರು ಜನರ ಮನೆಗೆ ವರ್ಷಕ್ಕೆ ಸುಮಾರು 36,000 ಡಾಲರ್. ಇಲ್ಲವೇ ಮನೆಯಲ್ಲಿ ಯಾರಾದರೂ ಸ್ನ್ಯಾಪ್ ಅನ್ನುವ ಆಹಾರದ ನೆರವು, ಮೆಡಿಕೈಡ್ ಅನ್ನುವ ಆಸ್ಪತ್ರೆ ನೆರವು, ವಯಸ್ಸಾದವರಿಗೆ ಮತ್ತು ಅಂಗವಿಕಲರಿಗೆ ಕೊಡುವ ಎಸ್‌ಎಸ್‌ಐ ಅನ್ನುವ ನೆರವು, ಸರ್ಕಾರದ ವಸತಿ ನೆರವು, ಇಂಥದ್ದರಲ್ಲಿ ಒಂದನ್ನು ಪಡೆಯುತ್ತಿರಬೇಕು. ಇವುಗಳಲ್ಲಿ ಯಾವುದೂ ಇಲ್ಲದಿದ್ದರೂ ಆದಾಯ ಕಡಿಮೆ ಅಂತ ತೋರಿಸಿದರೆ ಸಾಕು. ಆರು ತಿಂಗಳು ಮುಗಿದ ಮೇಲೆ ತಂಗಿ ಈ ದಾರಿಯಲ್ಲೇ ಮುಂದುವರಿದಳು. ಅಷ್ಟರಲ್ಲಿ ಅವಳಿಗೆ ಒಂದು ಅಂಗಡಿಯಲ್ಲಿ ಕೆಲಸ ಸಿಕ್ಕಿತ್ತು. ಸತತ ಮೂರು ತಿಂಗಳ ಸಂಬಳದ ಚೀಟಿ ಕೊಟ್ಟಳು.

ಅರ್ಜಿ ಬಗ್ಗೆ ಹೇಳಬೇಕು, ಯಾಕಂದರೆ ಅದು ನನ್ನ ಕಸುಬು. ನಮ್ಮ ಬೆಳಗಿನ ಆರೂವರೆ ಅಂದರೆ ಬೇಸಿಗೆಯಲ್ಲಿ ಅವಳಿಗೆ ರಾತ್ರಿ ಒಂಬತ್ತು. ಮಕ್ಕಳು ಮಲಗಿದ ಮೇಲೆ ಅವಳು ಲೈಬ್ರರಿಯಿಂದ ತಂದ ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದಳು. ನಾನು ಅಂಗಡಿಯ ಶಟರ್ ಅರ್ಧ ಎತ್ತಿ, ಒಳಗೆ ಲೈಟ್ ಹಾಕಿಕೊಂಡು ಕೂರುತ್ತಿದ್ದೆ. ಅವಳು ಸ್ಕ್ರೀನ್ ತೋರಿಸುತ್ತಿದ್ದಳು, ಇಬ್ಬರೂ ಒಂದೊಂದು ಸಾಲು ಓದುತ್ತಿದ್ದೆವು. "ಅಕ್ಕಾ, ಇಲ್ಲಿ ಹೌಸ್‌ಹೋಲ್ಡ್ ಅಂತಿದೆ, ಇಲ್ಲಿರೋರೆಲ್ಲ ಒಂದೇ ವಿಳಾಸ ಅಲ್ವಾ, ಏನು ಮಾಡಲಿ?" ಅಂತ ಕೇಳಿದಳು. ಒಳ್ಳೆಯ ಪ್ರಶ್ನೆ. ಲೈಫ್‌ಲೈನ್ ಒಂದು ಮನೆಗೆ ಒಂದೇ. ಆದರೆ ಮನೆ ಅಂದರೆ ಅವರ ಲೆಕ್ಕದಲ್ಲಿ ಗೋಡೆ ಅಲ್ಲ. ಆದಾಯವನ್ನೂ ಖರ್ಚನ್ನೂ ಹಂಚಿಕೊಂಡು ಬದುಕುವವರು ಒಂದು ಮನೆ. ನಮ್ಮ ಕಡೆ ಅಣ್ಣತಮ್ಮಂದಿರು ಒಂದೇ ಸೂರಿನಡಿ ಇದ್ದು ಒಲೆ ಬೇರೆ ಮಾಡಿಕೊಂಡಿರುತ್ತಾರಲ್ಲ, ಹಾಗೆ. ಒಂದೇ ವಿಳಾಸದಲ್ಲಿ ಬೇರೆಯವರಿಗೂ ಲೈಫ್‌ಲೈನ್ ಇದ್ದರೆ, ನಮ್ಮ ಒಲೆ ಬೇರೆ ಅಂತ ಹೇಳುವ ಒಂದು ಫಾರಂ ಇದೆ. ಅದನ್ನು ತುಂಬಿ ಸಹಿ ಮಾಡಿದರೆ ಆಯಿತು.

ಎಡವಿದ್ದು ಹೆಸರಿನಲ್ಲಿ. ಮದುವೆಗೆ ಮುಂಚೆ ಮಾಡಿಸಿದ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಕೊನೆಗೆ. ಅಲ್ಲಿ ನಮ್ಮ ಆಧಾರ್ ಥರ ಕೇಳುವ ಸೋಷಿಯಲ್ ಸೆಕ್ಯೂರಿಟಿ ಕಾರ್ಡಿನಲ್ಲೂ ಹಾಗೇ. ಮದುವೆಯಾದ ಮೇಲೆ ಮಾಡಿಸಿದ ಡ್ರೈವಿಂಗ್ ಲೈಸೆನ್ಸಿನಲ್ಲಿ ಗಂಡನ ಹೆಸರು. ನಮ್ಮ ಕಡೆ ಅಡ್ಡಹೆಸರು ಇಟ್ಟುಕೊಳ್ಳುವ ರೂಢಿ ಎಲ್ಲರಲ್ಲೂ ಇಲ್ಲ. ಅಲ್ಲಿ ಅದಿಲ್ಲದೆ ಯಾವ ಫಾರಂ ಕೂಡ ಮುಂದೆ ಹೋಗುವುದಿಲ್ಲ. ಅರ್ಜಿಯನ್ನು ನ್ಯಾಷನಲ್ ವೆರಿಫೈಯರ್ ಅನ್ನುವ ವ್ಯವಸ್ಥೆ ನೋಡುತ್ತದೆ. ಎಲ್ಲ ತಾಳೆಯಾದರೆ ಕೂತ ಜಾಗದಲ್ಲೇ ಒಪ್ಪಿಗೆ ಬರುತ್ತದೆ. ತಾಳೆ ಆಗದಿದ್ದರೆ ಕಾಗದ ಅಪ್‌ಲೋಡ್ ಮಾಡಬೇಕು. ನಾವು ಅಪ್‌ಲೋಡ್ ಮಾಡಿದೆವು, ಕಾದೆವು, ಆಯಿತು. ನಿಮ್ಮ ಮನೆ ಹುಡುಗಿಯರನ್ನು ಮದುವೆ ಮಾಡಿ ಕಳಿಸುವಾಗ ಎಲ್ಲ ಕಾಗದದಲ್ಲೂ ಹೆಸರು ಒಂದೇ ಥರ ಇರುವ ಹಾಗೆ ನೋಡಿಕೊಳ್ಳಿ. ಮತ್ತೆ ಪಾಸ್‌ಪೋರ್ಟ್, ವೀಸಾ, ಮಕ್ಕಳ ಜನನ ಪತ್ರ, ಎಲ್ಲದರ ಸ್ಕ್ಯಾನ್ ಕಾಪಿ ತವರಿನಲ್ಲೂ ಒಂದು ಇರಲಿ. ತಂಗಿಯದ್ದು ನನ್ನ ಕಂಪ್ಯೂಟರಿನಲ್ಲಿ ಇತ್ತು. ಮನೆ ಬಿಡುವಾಗ ಅವಳಿಗೆ ತೆಗೆದುಕೊಳ್ಳಲು ಆಗದ ಕಾಗದಗಳೆಲ್ಲ ಇಲ್ಲಿಂದಲೇ ಹೋದವು.

ಒಪ್ಪಿಗೆ ಬಂದ ಮೇಲೆ 90 ದಿನದೊಳಗೆ ಒಂದು ಕಂಪನಿ ಆರಿಸಿಕೊಂಡು ಸೇರಬೇಕು. ತಡವಾದರೆ ಮತ್ತೆ ಮೊದಲಿನಿಂದ ಅರ್ಜಿ.

ಈಗ ಫೋನ್ ವಿಷಯ. ತಂಗಿ ಆರಿಸಿದ ಕಂಪನಿ ಕಳಿಸಿದ್ದು ಒಂದು ಪುಟ್ಟ ರಟ್ಟಿನ ಡಬ್ಬಿ. ಒಳಗೆ ಫೋನು, ಚಾರ್ಜರ್, ಸಿಮ್ ಮೊದಲೇ ಹಾಕಿದ್ದು. ಅವಳು ಊರಿಗೆ ಬಂದಾಗ ನಾನು ಅದನ್ನು ಚೆನ್ನಾಗಿ ಪರೀಕ್ಷೆ ಮಾಡಿದೆ. ಅಂಗಡಿಯಲ್ಲಿ ದಿನವೂ ನೂರಾರು ಫೋನ್ ಕೈಗೆ ಬರುವುದರಿಂದ ಹಿಡಿದ ಕೂಡಲೇ ಗೊತ್ತಾಗುತ್ತದೆ. ಪ್ಲಾಸ್ಟಿಕ್ ಬೆನ್ನು, ಹಗುರ. ಪರದೆ ದೊಡ್ಡದೇ, ಆದರೆ ಬಿಸಿಲಿಗೆ ಹಿಡಿದರೆ ಏನೂ ಕಾಣುವುದಿಲ್ಲ. ಕ್ಯಾಮೆರಾದಲ್ಲಿ ಕಾಗದದ ಫೋಟೋ ತೆಗೆದರೆ ಅಂಚಿನ ಅಕ್ಷರ ಮಸುಕು. ಅರ್ಜಿಗಳನ್ನು ಕಳಿಸುವವರಿಗೆ ಇದು ದೊಡ್ಡ ತೊಂದರೆ. ಕಾಗದವನ್ನು ನೆರಳಿನಲ್ಲಿ, ಕಪ್ಪು ಬಟ್ಟೆ ಮೇಲಿಟ್ಟು ಸ್ವಲ್ಪ ಮೇಲಿಂದ ತೆಗೆಯಿರಿ, ಪರವಾಗಿಲ್ಲ ಅನ್ನುವ ಹಾಗೆ ಬರುತ್ತದೆ. ಒಳಗಿನ ಜಾಗ 32 ಜಿಬಿ. ಅದರಲ್ಲಿ ಅರ್ಧ ಫೋನೇ ತಿಂದುಕೊಂಡಿರುತ್ತದೆ. ಊರಿನ ಗ್ರೂಪುಗಳ ವಿಡಿಯೋ ತಾನಾಗಿ ಇಳಿಯುವುದನ್ನು ನಿಲ್ಲಿಸದಿದ್ದರೆ ವಾರದಲ್ಲಿ ತುಂಬಿಹೋಗುತ್ತದೆ. ನಾನು ಮೊದಲು ಮಾಡಿಕೊಟ್ಟ ಕೆಲಸ ಅದೇ. ಮಾತು ಮಾತ್ರ ಸ್ಪಷ್ಟ. ಬ್ಯಾಟರಿ ಒಂದು ದಿನ ಆರಾಮಾಗಿ ಬರುತ್ತದೆ.

ಫೋನು ಆ ಕಂಪನಿಗೇ ಲಾಕ್. ನಮ್ಮ ಸಿಮ್ ಹಾಕಿದೆ, ತೆಗೆದುಕೊಳ್ಳಲಿಲ್ಲ. ಊರಿಗೆ ತರುವವರು ಇದನ್ನು ತಿಳಿದುಕೊಂಡಿರಿ. ಇಲ್ಲಿ ವೈಫೈ ಇದ್ದರೆ ವಾಟ್ಸಾಪ್ ನಡೆಯುತ್ತದೆ, ಅಷ್ಟೇ.

ಪ್ಲಾನಿನಲ್ಲಿ ಎಷ್ಟು ಸಿಗುತ್ತದೆ? ಎಫ್‌ಸಿಸಿ ನಿಯಮದ ಪ್ರಕಾರ ಮೊಬೈಲಿನ ಡೇಟಾ ಕನಿಷ್ಠ 4.5 ಜಿಬಿ ತಿಂಗಳಿಗೆ, ಮಾತು ಕನಿಷ್ಠ 1,000 ನಿಮಿಷ. ಕೆಲವು ಕಂಪನಿ, ಕೆಲವು ರಾಜ್ಯಗಳಲ್ಲಿ ಜಾಸ್ತಿ ಸಿಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯ ಸರ್ಕಾರವೂ ತನ್ನ ಪಾಲು ಸೇರಿಸುತ್ತದೆ. ಸಾವಿರ ನಿಮಿಷ ಅಂದರೆ ಬಹಳ ಅನ್ನಿಸುತ್ತದೆ ಅಲ್ವಾ? ಕಷ್ಟದಲ್ಲಿರುವವರಿಗೆ ಸಾಲುವುದಿಲ್ಲ. ಅವರು ಫೋನ್ ಮಾಡುವುದು ಗೆಳತಿಯರಿಗಲ್ಲ, ಕಚೇರಿಗಳಿಗೆ. ಕೋರ್ಟು, ಆಸ್ಪತ್ರೆ, ಆಹಾರದ ನೆರವಿನ ಆಫೀಸು. ಫೋನ್ ಮಾಡಿದರೆ ಮ್ಯೂಸಿಕ್ ಹಾಕಿ ಕಾಯಿಸುತ್ತಾರೆ. ತಂಗಿ ಸ್ಪೀಕರ್ ಆನ್ ಮಾಡಿ ಪಕ್ಕಕ್ಕಿಟ್ಟು, ಪಾತ್ರೆ ತೊಳೆದು, ಮಕ್ಕಳ ತಲೆ ಬಾಚಿ ಮುಗಿಸಿದರೂ ಆ ಕಡೆ ಮ್ಯೂಸಿಕ್ಕೇ. ಆ ನಿಮಿಷಗಳೆಲ್ಲ ಲೆಕ್ಕಕ್ಕೆ ಸೇರುತ್ತವೆ. ಹಾಗಾಗಿ ಕಂಪನಿ ಆರಿಸುವಾಗ ಮಾತಿಗೆ ಮಿತಿ ಇಲ್ಲದ್ದನ್ನೇ ನೋಡಿ. ಸೆಟ್ ಯಾವುದು ಕೊಡುತ್ತಾರೆ ಅಂತ ಆಮೇಲೆ ನೋಡಿದರೆ ಸಾಕು.

ಡೇಟಾ ಕೂಡ ಹಾಗೇ. ದಿನಾ ಅರ್ಧ ಗಂಟೆ ವಿಡಿಯೋ ಕಾಲ್ ಮಾಡಿದರೆ ತಿಂಗಳು ಪೂರ್ತಿ ಬರುವುದಿಲ್ಲ. ಅವಳು ಅಮ್ಮನ ಜೊತೆ ಮುಖ ನೋಡಿ ಮಾತಾಡುವುದು ಲೈಬ್ರರಿಯ ವೈಫೈ ಇರುವಾಗ. ಉಳಿದ ದಿನ ವಾಟ್ಸಾಪ್‌ನಲ್ಲಿ ಬರೀ ಮಾತು. ಇಂಡಿಯಾಕ್ಕೆ ಸಾದಾ ಕಾಲ್ ಅವಳ ಪ್ಲಾನಿನಲ್ಲಿ ಸೇರಿಲ್ಲ.

ಲೈನ್ ಉಳಿಸಿಕೊಳ್ಳಲು ಎರಡು ಕೆಲಸ ಮಾಡಬೇಕು. ಒಂದು, 30 ದಿನದಲ್ಲಿ ಒಮ್ಮೆಯಾದರೂ ಉಪಯೋಗಿಸಬೇಕು. ಒಂದು ಕಾಲ್, ಒಂದು ಮೆಸೇಜ್, ಸ್ವಲ್ಪ ಡೇಟಾ, ಏನಾದರೂ ಸರಿ. ಮಾಡದಿದ್ದರೆ ನೋಟಿಸ್ ಬರುತ್ತದೆ, 15 ದಿನ ಅವಕಾಶ ಇರುತ್ತದೆ, ಆಮೇಲೆ ಲೈನ್ ಹೋಗುತ್ತದೆ. ಊರಿಗೆ ಬಂದು ಮೂರು ತಿಂಗಳು ಉಳಿದರೆ ಲೈನ್ ಇರುವುದಿಲ್ಲ ಅಂತಲೇ ತಿಳಿದುಕೊಳ್ಳಿ. ಅಣ್ಣ ಟಿಕೆಟ್ ಮಾಡಿಸುವಾಗ ಈ ಲೆಕ್ಕ ಹಾಕಿಯೇ ತಿಂಗಳೊಳಗೆ ವಾಪಸ್ಸು ಹೋಗುವ ಹಾಗೆ ಮಾಡಿಸಿದ. ಎರಡನೆಯದು, ವರ್ಷಕ್ಕೊಮ್ಮೆ ನಾನು ಇನ್ನೂ ಅರ್ಹಳು ಅಂತ ತೋರಿಸಬೇಕು. ಅದಕ್ಕೆ ಕಾಗದ ಬರುತ್ತದೆ. ವಿಳಾಸ ಬದಲಾದರೆ ತಿಳಿಸಲೇಬೇಕು, ಇಲ್ಲದಿದ್ದರೆ ಆ ಕಾಗದ ಹಳೇ ಮನೆಗೆ ಹೋಗಿ ಬೀಳುತ್ತದೆ. ಹಳೇ ಮನೆ ಅಂದರೆ ತಂಗಿಯಂಥವರಿಗೆ ಏನು ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಯೋಜನೆ ಹೊಸದಲ್ಲ. 1985ರಲ್ಲಿ, ರೇಗನ್ ಅಧ್ಯಕ್ಷರಾಗಿದ್ದಾಗ ಶುರುವಾಯಿತು. ಆಗ ಮನೆಯ ಗೋಡೆಗೆ ತೂಗುಹಾಕುವ ಫೋನಿಗೆ. 2005ರಲ್ಲಿ ಪ್ರೀಪೇಯ್ಡ್ ಮೊಬೈಲ್ ಕಂಪನಿಗೂ ದಾರಿ ಮಾಡಿಕೊಟ್ಟರು. 2008ರ ಹೊತ್ತಿಗೆ ಫ್ರೀ ಮೊಬೈಲ್ ಸೆಟ್ ಮನೆಗಳಿಗೆ ಬರತೊಡಗಿತು. 2016ರಲ್ಲಿ ಇಂಟರ್ನೆಟ್ಟೂ ಸೇರಿತು. ಜನ ಇದನ್ನು ‘ಒಬಾಮಾ ಫೋನ್’ ಅಂತ ಕರೆದರೂ ಒಬಾಮಾ ಅಧ್ಯಕ್ಷರಾಗುವ ಎಷ್ಟೋ ವರ್ಷ ಮುಂಚೆಯೇ ಯೋಜನೆ ಇತ್ತು. ಕೊರೊನಾ ಕಾಲದಲ್ಲಿ ಇದಕ್ಕಿಂತ ದೊಡ್ಡ ನೆರವೊಂದು ಬಂದಿತ್ತು, ಎಸಿಪಿ ಅಂತ. ತಿಂಗಳಿಗೆ 30 ಡಾಲರ್ ಇಂಟರ್ನೆಟ್ ಬಿಲ್ಲಿಗೆ. ಸುಮಾರು 2.3 ಕೋಟಿ ಮನೆಗಳು ಸೇರಿದ್ದವು. ದುಡ್ಡು ಮುಗಿಯಿತು, 2024ರ ಜೂನ್ 1ಕ್ಕೆ ನಿಂತುಹೋಯಿತು. ಲೈಫ್‌ಲೈನ್ ಉಳಿದುಕೊಂಡದ್ದು ಅದರ ದುಡ್ಡು ಬೇರೆ ಕಡೆಯಿಂದ ಬರುವುದರಿಂದ. ಫೋನ್ ಕಂಪನಿಗಳು ತಮ್ಮ ಗಳಿಕೆಯ ಒಂದು ಪಾಲನ್ನು ಯೂನಿವರ್ಸಲ್ ಸರ್ವೀಸ್ ಫಂಡ್ ಅನ್ನುವ ನಿಧಿಗೆ ಕಟ್ಟುತ್ತವೆ. ಅದನ್ನು ಗಿರಾಕಿಗಳ ಬಿಲ್ಲಿನಲ್ಲಿ ವಸೂಲಿ ಮಾಡುತ್ತವೆ. ಈ ನಿಧಿ ಸಂವಿಧಾನಕ್ಕೆ ಸರಿಯಲ್ಲ ಅಂತ ಕೇಸ್ ಆಗಿತ್ತು. 2025ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸರಿಯಿದೆ ಅಂತ ತೀರ್ಪು ಕೊಟ್ಟಿತು.

ಇಷ್ಟು ತಿಳಿದ ಮೇಲೆ ನಮ್ಮ ಕಡೆ ಹೇಗಿದೆ ಅಂತ ಯೋಚಿಸದೆ ಇರಲು ಆಗುವುದಿಲ್ಲ. ನಮ್ಮಲ್ಲೂ ಇಂಥದ್ದೇ ನಿಧಿ ಇದೆ. ಈಗ ಡಿಜಿಟಲ್ ಭಾರತ್ ನಿಧಿ ಅಂತ ಹೆಸರು. ಕಂಪನಿಗಳ ಗಳಿಕೆಯಲ್ಲಿ ಶೇಕಡಾ 5 ಅದಕ್ಕೆ ಹೋಗುತ್ತದೆ. ಆ ದುಡ್ಡಿನಲ್ಲಿ ಹಳ್ಳಿಗಳಿಗೆ ಟವರ್ ಹಾಕುತ್ತಾರೆ, ಕೇಬಲ್ ಎಳೆಯುತ್ತಾರೆ. 2022ರ ಜುಲೈನಲ್ಲಿ ಕೇಂದ್ರ ಸರ್ಕಾರ 24,680 ಹಳ್ಳಿಗಳಿಗೆ 4ಜಿ ಕೊಡಲು 26,316 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಮಲೆನಾಡಿಗೆ ಟವರ್ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ನನ್ನ ತವರು ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆ. ಲಿಂಗನಮಕ್ಕಿಯಲ್ಲಿ ನೀರು ನಿಂತಾಗಿನಿಂದ ಲಾಂಚ್ ಕಾದು ಬದುಕಿದ ಊರುಗಳು ಅವು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಯಿತು. ಓಡಾಟದ ಕಷ್ಟ ತಪ್ಪಿತು. ಫೋನ್ ಕಷ್ಟ ಇನ್ನೂ ಇದೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಸಿಗ್ನಲ್ಲೂ ಹೋಗುತ್ತದೆ. ಅಮ್ಮನಿಗೆ ತಂಗಿಯ ಕಾಲ್ ಸಿಗಬೇಕಾದರೆ ಕೊಟ್ಟಿಗೆ ಹಿಂದಿನ ದರೆ ಹತ್ತಿ, ಹಲಸಿನ ಮರದ ಬುಡದಲ್ಲಿ ನಿಲ್ಲಬೇಕು. ಅಲ್ಲಿ ಎರಡು ಕಡ್ಡಿ ಬರುತ್ತದೆ. ಆಷಾಢದ ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು, ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕಿವಿಗೆ ಹಿಡಿದು ನಿಂತಿರುತ್ತಾರೆ, ಜಿಗಣೆ ಕಾಲಿಗೆ ಹತ್ತುತ್ತಿದ್ದರೂ.

ಬಡವರ ಬಿಲ್ಲಿಗೆ ಮಾತ್ರ ನಮ್ಮಲ್ಲಿ ಏನೂ ಇಲ್ಲ. ಫೋನ್ ಹಂಚುವುದನ್ನು ಕೆಲವು ರಾಜ್ಯಗಳು ಮಾಡಿ ನೋಡಿವೆ. ಛತ್ತೀಸಗಢದಲ್ಲಿ 2018ರಲ್ಲಿ ಸಂಚಾರ ಕ್ರಾಂತಿ ಅಂತ ಕೊಟ್ಟರು. ರಾಜಸ್ಥಾನದಲ್ಲಿ 2023ರ ಆಗಸ್ಟ್‌ನಲ್ಲಿ ಹೆಣ್ಣುಮಕ್ಕಳಿಗೆ ಫೋನ್ ಮತ್ತು ಡೇಟಾಕ್ಕೆ ಅಂತ 6,800 ರೂಪಾಯಿ ಕೊಟ್ಟರು. ಎರಡೂ ಕಡೆ ಅದೇ ವರ್ಷದ ಕೊನೆಗೆ ಚುನಾವಣೆ. ಸರ್ಕಾರ ಬದಲಾಯಿತು, ಹಂಚುವುದು ನಿಂತಿತು. ಸಿಕ್ಕವರ ಕೈಯಲ್ಲಿ ಫೋನ್ ಉಳಿಯಿತು, ಸಿಕ್ಕ ಡೇಟಾ ಮುಗಿದ ಮೇಲೆ ರೀಚಾರ್ಜ್ ಅವರದ್ದೇ.

ನನ್ನ ಅಂಗಡಿಯ ಕೌಂಟರ್ ಮೇಲೆ ನಾನು ನೋಡುವುದು ಇದನ್ನೇ. ಫೋನ್ ಇಲ್ಲದ ಮನೆ ಈಗ ಕಡಿಮೆ. ಮಗ ಬೆಂಗಳೂರಿನಿಂದ ಹಳೇ ಸೆಟ್ ತಂದುಕೊಟ್ಟಿರುತ್ತಾನೆ. ಕಷ್ಟ ಇರುವುದು ರೀಚಾರ್ಜಿನದ್ದು. ತಿಂಗಳ ಮೊದಲ ವಾರ ಗೃಹಲಕ್ಷ್ಮಿ ದುಡ್ಡು ಬಂದಿದೆಯಾ ಅಂತ ನೋಡಿಸಲು ಹೆಂಗಸರು ಬರುತ್ತಾರೆ. ಬಂದಿದೆ ಅಂತ ಗೊತ್ತಾಗುವುದು ಮೆಸೇಜಿನಿಂದ. ರೀಚಾರ್ಜ್ ಇಲ್ಲದೆ ಲೈನ್ ಸತ್ತಿದ್ದರೆ ಮೆಸೇಜೇ ಬರುವುದಿಲ್ಲ. ಆಧಾರ್‌ನ ಒಟಿಪಿ ಬರುವುದಿಲ್ಲ. ತೀರಾ ಬಿಟ್ಟರೆ ಆ ನಂಬರ್ ಬೇರೆ ಯಾರಿಗೋ ಹೋಗುತ್ತದೆ. ಆಮೇಲೆ ಬ್ಯಾಂಕಿಗೆ, ಆಧಾರ್ ಕೇಂದ್ರಕ್ಕೆ ಅಂತ ಕೂಲಿ ಬಿಟ್ಟು ಓಡಾಡಬೇಕು. ಕೋಗಾರಿನ ಕಡೆಯಿಂದ ಬರುವ ಒಬ್ಬರು ಅಜ್ಜಿ ಸೆರಗಿನ ಗಂಟು ಬಿಚ್ಚಿ ಹತ್ತರ ನೋಟುಗಳನ್ನು ಎಣಿಸಿಡುತ್ತಾರೆ. "ಕೂಸೇ, ನಂಗೆ ಇಂಟರ್ನೆಟ್ ಬ್ಯಾಡ, ಮಗ ಮಾಡಿದ್ದು ಬಂದ್ರೆ ಸಾಕು, ಅಷ್ಟಕ್ಕೆ ಮಾತ್ರ ಹಾಕು" ಅನ್ನುತ್ತಾರೆ. ಬರೀ ಮಾತು ಮತ್ತು ಮೆಸೇಜಿನ ರೀಚಾರ್ಜ್ ಇಡಲೇಬೇಕು ಅಂತ ನಮ್ಮ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿತು. 2025ರ ಜನವರಿಯಿಂದ ಅಂಥ ಪ್ಯಾಕುಗಳು ಬಂದವು. ಒಳ್ಳೆಯದಾಯಿತು. ಆದರೆ ಅವುಗಳಲ್ಲಿ ಹೆಚ್ಚಿನವು ತುಂಬಾ ದಿನದ ಪ್ಯಾಕು. ಅಷ್ಟು ದುಡ್ಡು ಒಂದೇ ಸಲಕ್ಕೆ ಅಜ್ಜಿಯ ಸೆರಗಿನಲ್ಲಿ ಇರುವುದಿಲ್ಲ.

ಅದಕ್ಕೇ ಹೇಳುತ್ತೇನೆ, ನಮ್ಮ ಸರ್ಕಾರಗಳು ಫೋನ್ ಹಂಚುವುದು ಬೇಡ. ಅಂತ್ಯೋದಯ ಕಾರ್ಡಿನ ಮನೆಗೆ ಒಂದು ನಂಬರಿಗೆ, ಮಾತು, ಮೆಸೇಜು, ಸ್ವಲ್ಪ ಡೇಟಾ ಇರುವ ರೀಚಾರ್ಜನ್ನು ವರ್ಷ ಪೂರ್ತಿ ಆ ನಿಧಿಯಿಂದಲೇ ಕಟ್ಟಲಿ. ಗಂಡನ ಮನೆ ಬಿಟ್ಟು ಬಂದ ಹೆಣ್ಣಿಗೆ ಅವಳ ನಂಬರನ್ನು ಅವಳ ಹೆಸರಿಗೇ ಮಾಡಿಕೊಡುವ ನಿಯಮ ಬರಲಿ. ಇಲ್ಲೂ ಎಷ್ಟೋ ಹೆಂಗಸರ ಸಿಮ್ ಗಂಡನ ಆಧಾರ್ ಮೇಲಿದೆ. ಅಂಗಡಿಗೆ ಬಂದು ಅತ್ತವರಿದ್ದಾರೆ.

ಫ್ರೀ ಮೊಬೈಲ್ ಮೆಸೇಜ್ ಬಗ್ಗೆಯೂ ಹೇಳಿಬಿಡುತ್ತೇನೆ. ಲಿಂಕ್ ಒತ್ತಬೇಡಿ. ಹತ್ತು ಜನಕ್ಕೆ ಕಳಿಸಿದರೆ ಫೋನ್ ಬರುತ್ತದೆ ಅನ್ನುವುದು ಸುಳ್ಳು. ಯಾರಿಗೂ ಒಟಿಪಿ ಹೇಳಬೇಡಿ. ದುಡ್ಡು ಹೋದರೆ ಕೂಡಲೇ 1930ಕ್ಕೆ ಫೋನ್ ಮಾಡಿ, ತಡ ಮಾಡಿದಷ್ಟೂ ವಾಪಸ್ಸು ಸಿಗುವುದು ಕಷ್ಟ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ಸಂಚಾರ ಸಾಥಿ ಪೋರ್ಟಲ್‌ನಲ್ಲಿ ನೋಡಬಹುದು. ಗೊತ್ತಿಲ್ಲದ ನಂಬರ್ ಇದ್ದರೆ ಅಲ್ಲೇ ದೂರು ಕೊಡಬಹುದು.

ಲೈಫ್‌ಲೈನಿಗೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಡೇಟಾ ಸಾಲದು ಅಂತ, ಮತ್ತೆ ಕ್ಯಾಮೆರಾಕ್ಕೆ. ತಂಗಿಯ ನಂಬರ್ ಹೋಗಲಿಲ್ಲ. ಕೆಲಸ ಸಿಕ್ಕಿದ್ದು ಅದೇ ನಂಬರಿಗೆ ಬಂದ ಕಾಲ್‌ನಿಂದ. ಶಾಲೆಯಲ್ಲಿ ಚಿಕ್ಕವನಿಗೆ ಜ್ವರ ಬಂದಾಗ ಟೀಚರ್ ಫೋನ್ ಮಾಡಿದ್ದು ಅವಳಿಗೇ, ಗಂಡನಿಗಲ್ಲ.

ಅಲ್ಲಿರುವ ನಿಮ್ಮವರಿಗೆ ಬೇಕಾದರೆ ಹೇಳಿ: ಅರ್ಜಿ ಹಾಕುವುದು ಲೈಫ್‌ಲೈನ್‌ಸಪೋರ್ಟ್ ಡಾಟ್ ಆರ್ಗ್‌ನಲ್ಲಿ, ಸಹಾಯಕ್ಕೆ 1-800-234-9473. ಅರ್ಜಿಗೆ ಫೀಸ್ ಇಲ್ಲ. ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಮನೆಯಲ್ಲಿ ಹಿಂಸೆ ಇದ್ದರೆ ಮೊದಲು ಮಾಡಬೇಕಾದ ನಂಬರ್ 1-800-799-7233, ಅಲ್ಲಿ ಹಗಲು ರಾತ್ರಿ ಫೋನ್ ಎತ್ತುತ್ತಾರೆ. ಗಂಡನ ಪ್ಲಾನಿನ ಫೋನಿನಿಂದ ಮಾಡದೆ ಬೇರೆಯವರ ಫೋನಿನಿಂದ ಮಾಡುವುದು ಒಳ್ಳೆಯದು. ಇಲ್ಲಿ ತವರಿನಲ್ಲಿರುವ ಕಾಗದಗಳನ್ನು ಸ್ಕ್ಯಾನ್ ಮಾಡಿ ಕಳಿಸಬೇಕಾದರೆ ನನ್ನಂಥ ಅಂಗಡಿ ಸಾಗರದಲ್ಲಿ ಬೇಕಾದಷ್ಟಿವೆ. ನನ್ನಲ್ಲಿಗೇ ಬಂದರೆ, ಈ ಅರ್ಜಿಗೆ ಅಂತ ಹೇಳಿ. ಸ್ಕ್ಯಾನಿಗೂ ಪ್ರಿಂಟಿಗೂ ದುಡ್ಡು ತೆಗೆದುಕೊಳ್ಳುವುದಿಲ್ಲ.